ನಗಿಸುವ ಕಲೆ

ಮಕ್ಕಳೇ, ನಗಿಸುವುದೂ ಒಂದು ಕಲೆ. ತಮಿಳುನಾಡಿನ ಸರ್ಕಾರಿ ಶಾಲೆಗಳಲ್ಲಿ 2022ರಲ್ಲಿ ಆರಂಭವಾದ ‘ಕಲೈ ತಿರುವಿಳಾ’ದಲ್ಲಿ ಏಕಪಾತ್ರಾಭಿನಯ, ಮಿಮಿಕ್ರಿಗಳಿಗೂ ಸ್ಥಾನ ದೊರೆತಿದೆ. ನೆರೆಯ ಕೇರಳದಲ್ಲಿ 1957ರಲ್ಲಿ ಆರಂಭವಾದ ಶಾಲಾ ಕಲೋತ್ಸವದಲ್ಲಿಯೂ ಇಂತಹ ಸ್ಪರ್ಧೆಗಳಿವೆ.

ಸ್ಪರ್ಧೆಯಲ್ಲಿ ಹಾಸ್ಯ ಬೇಡ ಎನ್ನುವವರಿದ್ದಾರೆ. ಅದು ಸರಿಯಲ್ಲ. ನಗಿಸಬೇಕಾದರೆ ಸ್ಪಷ್ಟ ಉಚ್ಚಾರಣೆ ಬೇಕು, ಧೈರ್ಯ ಬೇಕು, ಜನರನ್ನು ಚೆನ್ನಾಗಿ ಗಮನಿಸುವ ಕಣ್ಣು ಬೇಕು. ಇವೆಲ್ಲ ಕಲಿಯಬೇಕಾದ ಗುಣಗಳೇ.

ಆದರೆ ಯಾವುದನ್ನು ಕಂಡು ನಗಬೇಕು? ಕೆಲವರು ತೊದಲುವವರನ್ನು, ಕುಂಟುವವರನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡ ಮನೆಮಾತಿನ ನೇಕಾರರಿದ್ದಾರೆ. ಅವರ ಕನ್ನಡದಲ್ಲಿ ತಮಿಳು ಪದಗಳು ಬೆರೆತಿವೆ. ವೇದಿಕೆಯಲ್ಲಿ ಆ ಮಾತನ್ನು ಹೀಯಾಳಿಸಿದರೆ, ಆ ಮನೆಯ ಮಗು ಮರುದಿನ ತರಗತಿಯಲ್ಲಿ ಬಾಯಿ ತೆರೆಯಲು ಹಿಂಜರಿಯುತ್ತದೆ. ಒಂದು ನಿಮಿಷದ ನಗುವಿಗಾಗಿ ಒಂದು ಮಗುವನ್ನು ಮೂಕವಾಗಿಸಬಹುದೇ?

ಟಿ. ಪಿ. ಕೈಲಾಸಂ ಕನ್ನಡದ ಹೆಸರಾಂತ ಹಾಸ್ಯ ನಾಟಕಕಾರರು. ಅವರ ಮನೆಮಾತು ತಮಿಳು. ‘ಟೊಳ್ಳುಗಟ್ಟಿ’ ನಾಟಕದಲ್ಲಿ ಅವರು ಓದಿನಲ್ಲಿ ಹಿಂದುಳಿದ ಹುಡುಗನನ್ನು ಗೇಲಿ ಮಾಡಲಿಲ್ಲ. ಪರೀಕ್ಷೆಯ ಅಂಕವೇ ಎಲ್ಲಕ್ಕಿಂತ ದೊಡ್ಡದು ಎಂಬ ಹಿರಿಯರ ನಂಬಿಕೆಯನ್ನು ಗೇಲಿ ಮಾಡಿದರು.

ತಿದ್ದಿಕೊಳ್ಳಬಹುದಾದ ತಪ್ಪನ್ನು ಕಂಡು ನಗಬಹುದು. ಜಂಬ, ಸೋಮಾರಿತನ, ದುರಾಸೆ ಅಂತಹ ತಪ್ಪುಗಳು. ದೇಹದ ಕೊರತೆಯಾಗಲಿ, ಮನೆಯ ಮಾತಾಗಲಿ, ಬಡತನವಾಗಲಿ ತಪ್ಪಲ್ಲ. ಮುಂದಿನ ಸ್ಪರ್ಧೆಗೆ ಸಿದ್ಧರಾಗುವಾಗ ಇದನ್ನು ನೆನಪಿಡಿರಿ. ಚೆನ್ನಾಗಿ ನಗಿಸಿರಿ; ಯಾರನ್ನೂ ಅಳಿಸಬೇಡಿರಿ.