ಲೆಕ್ಕದ ಮೇಷ್ಟ್ರನ್ನು ಬೆಳೆಸುವ ಲೆಕ್ಕ

ಪಿಯು ಫಲಿತಾಂಶ ಬಂದ ವಾರ ನಮ್ಮ ಕಡೆ ಎಲ್ಲರ ಮನೆಯಲ್ಲೂ ಒಂದೇ ಮಾತು. ಹಿರಿಯೂರಿರಲಿ, ಹೊಳಲ್ಕೆರೆ ಇರಲಿ, ಗಣಿತದಲ್ಲಿ ತೊಂಬತ್ತು ದಾಟಿದ ಮಗು ಇದ್ದರೆ ‘ಇಂಜಿನಿಯರಿಂಗ್‌ಗೆ ಹಾಕ್ರಿ’ ಅಂತಾರೆ. ಬಯಾಲಜಿ ಚೆನ್ನಾಗಿದ್ದರೆ ‘ನೀಟ್ ಬರೆಸ್ರಿ’ ಅಂತಾರೆ. ‘ಒಳ್ಳೆ ಮೇಷ್ಟ್ರಾಗ್ತಾನೆ, ಓದ್ಸಿ’ ಅನ್ನೋರು ಮಾತ್ರ ತೀರಾ ಕಮ್ಮಿ. ನಾನೂ ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನೇ. ಹಾಗಾಗಿ ಯಾರನ್ನೂ ದೂರೋಕೆ ಇದನ್ನು ಬರೀತಿಲ್ಲ. ಆದರೆ ಲೆಕ್ಕ ಬಲ್ಲ ಮಕ್ಕಳೆಲ್ಲ ಹೀಗೆ ಬಸ್ಸು ಹತ್ತಿದರೆ, ಊರಲ್ಲಿ ಉಳಿದ ಮಕ್ಕಳಿಗೆ ಲೆಕ್ಕ ಹೇಳಿಕೊಡೋರು ಯಾರು?

ಇದು ಸುಮ್ಮನೆ ಹುಟ್ಟಿದ ಚಿಂತೆಯಲ್ಲ. 6ರಿಂದ 8ನೇ ತರಗತಿಗೆ ಪಾಠ ಮಾಡುವ 15,000 ಪದವೀಧರ ಶಿಕ್ಷಕರ ನೇಮಕಕ್ಕೆ 2022ರಲ್ಲಿ ರಾಜ್ಯ ಸರ್ಕಾರ ಪರೀಕ್ಷೆ ನಡೆಸಿತು. ಆಯ್ಕೆ ಪಟ್ಟಿ ಬಂದಾಗ ಅಷ್ಟೂ ಹುದ್ದೆ ತುಂಬಲಿಲ್ಲ. ಕಾಯಂ ಶಿಕ್ಷಕರಿಲ್ಲದ ಕಡೆ ಅತಿಥಿ ಶಿಕ್ಷಕರು ಬರುತ್ತಾರೆ. ಅವರ ಗೌರವಧನ ತಿಂಗಳಿಗೆ ಹತ್ತು-ಹನ್ನೆರಡು ಸಾವಿರದ ಆಸುಪಾಸು. ಅಷ್ಟರಲ್ಲೂ ಮನಸ್ಸಿಟ್ಟು ಪಾಠ ಮಾಡೋರು ಇದ್ದಾರೆ, ಅವರಿಗೆ ಕೈ ಮುಗಿಯಬೇಕು. ಆದರೆ ಒಂದು ಜಿಲ್ಲೆಯ ವಿಜ್ಞಾನ ಶಿಕ್ಷಣ ಅವರ ಒಳ್ಳೆಯತನದ ಮೇಲೇ ನಿಲ್ಲಬೇಕಾ?

ಹೊಸದುರ್ಗದಲ್ಲಿರುವ ನನ್ನ ಚಿಕ್ಕಪ್ಪನ ಮಗಳಿಗೆ ಟೀಚರ್ ಆಗೋ ಆಸೆ. ಸಂಜೆ ಅಕ್ಕಪಕ್ಕದ ಹೈಸ್ಕೂಲು ಹುಡುಗರನ್ನು ಜಗುಲಿ ಮೇಲೆ ಕೂರಿಸಿಕೊಂಡು ಬೀಜಗಣಿತ ಹೇಳಿಕೊಡ್ತಾಳೆ. ‘ಅಣ್ಣ, ಬಿ.ಎಸ್ಸಿ., ಬಿ.ಇಡಿ. ಅಂತ ಐದು ವರ್ಷ ಯಾರಮ್ಮ ಕಾಯ್ತಾರೆ ಅಂತಾರೆ ಅಪ್ಪ. ನೀನೇ ಹೇಳು’ ಅಂದಳು. ಚಿಕ್ಕಪ್ಪನ ಲೆಕ್ಕ ತಪ್ಪಲ್ಲ. 2015ರಿಂದ ಬಿ.ಇಡಿ. ಎರಡು ವರ್ಷ ಆಗಿದೆ. ಮೂರು ಪ್ಲಸ್ ಎರಡು, ಐದು ವರ್ಷ. ಆಮೇಲೆ ಟಿಇಟಿ, ಆಮೇಲೆ ನೇಮಕಾತಿಗೆ ಕಾಯೋದು. ಇಂಜಿನಿಯರಿಂಗ್ ನಾಲ್ಕೇ ವರ್ಷ. ತೆಂಗಿನ ತೋಟ ನಂಬಿಕೊಂಡ ಮನೆಗೆ ಆ ಒಂದು ವರ್ಷ ಅಂದ್ರೆ ಒಂದು ವರ್ಷದ ಫೀಸು, ಜೊತೆಗೆ ಕೈಗೆ ಬಾರದ ಒಂದು ವರ್ಷದ ಸಂಬಳ.

ದಾರಿ ಇಲ್ಲ ಅಂತಲ್ಲ. ಮೈಸೂರಿನಲ್ಲಿ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. 1963ರಲ್ಲಿ ಶುರುವಾದದ್ದು. ಪಿಯು ಮುಗಿಸಿ ಸೇರಿದರೆ ನಾಲ್ಕೇ ವರ್ಷದಲ್ಲಿ ವಿಜ್ಞಾನ ಮತ್ತು ಬೋಧನೆ ಎರಡನ್ನೂ ಒಟ್ಟಿಗೆ ಕಲಿಸುವ ಸಂಸ್ಥೆ ಅದು. ಈಗ ಅಲ್ಲಿನ ನಾಲ್ಕು ವರ್ಷದ ಕೋರ್ಸಿಗೆ ಎನ್‌ಸಿಇಟಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಅದನ್ನು ಕನ್ನಡದಲ್ಲೂ ಬರೆಯಬಹುದು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲೂ ನಾಲ್ಕು ವರ್ಷದ ಬಿ.ಎಸ್ಸಿ.-ಬಿ.ಇಡಿ. ಇದೆ, ಮನೆಯ ಆದಾಯ ನೋಡಿ ಸ್ಕಾಲರ್‌ಶಿಪ್ ಕೊಡುತ್ತಾರೆ. ನಮ್ಮೂರ ಎಷ್ಟು ಪಿಯು ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಇದನ್ನು ನೋಡಿದ್ದೀರಿ?

ಸ್ಕಾಲರ್‌ಶಿಪ್ ವಿಷಯಕ್ಕೆ ಬಂದರೆ, ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ಕೇಂದ್ರದ ‘ಇನ್‌ಸ್ಪೈರ್’ ಯೋಜನೆಯಲ್ಲಿ ವರ್ಷಕ್ಕೆ 80,000 ರೂಪಾಯಿವರೆಗೆ ಸಿಗುತ್ತದೆ. ಅದು ಮುಂದೆ ವಿಜ್ಞಾನಿಗಳಾಗಲಿ ಎಂದು ಕೊಡುವ ಹಣ. ಒಳ್ಳೆಯದೇ. ಆದರೆ ವಿಜ್ಞಾನಿಯನ್ನು ಹೈಸ್ಕೂಲಿನಲ್ಲಿ ಮೊದಲು ಗುರುತಿಸುವ ಮೇಷ್ಟ್ರಿಗಾಗಿಯೇ ಹೀಗೊಂದು ಯೋಜನೆ ಬೇಡವಾ?

ಇಲ್ಲಿ ಅಮೆರಿಕದ ಒಂದು ಉದಾಹರಣೆ ಹೇಳಬೇಕು. ನಮ್ಮ ಕಂಪ್ಯೂಟರ್, ಫೋನುಗಳ ಒಳಗಿರುವ ಚಿಪ್ಪನ್ನು ರೂಪಿಸಿದವರಲ್ಲಿ ಒಬ್ಬರು ರಾಬರ್ಟ್ ನೋಯ್ಸ್. 1968ರಲ್ಲಿ ಇಂಟೆಲ್ ಕಂಪನಿ ಕಟ್ಟಿದವರಲ್ಲೂ ಒಬ್ಬರು. ಅವರು ಬೆಳೆದದ್ದು ಅಯೋವಾ ರಾಜ್ಯದ ಗ್ರಿನೆಲ್ ಅನ್ನೋ ಸಣ್ಣ ಊರಲ್ಲಿ. ಟ್ರಾನ್ಸಿಸ್ಟರ್ ಆಗಷ್ಟೇ ಹುಟ್ಟಿದ್ದ ಕಾಲದಲ್ಲಿ ಆ ಊರಿನ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಗ್ರಾಂಟ್ ಗೇಲ್ ತಮ್ಮ ಪರಿಚಯದ ಮೇಲೆ ಅದನ್ನು ತರಿಸಿ ಹುಡುಗರಿಗೆ ತೋರಿಸಿದರು. ನೋಡಿದವರಲ್ಲಿ ನೋಯ್ಸ್ ಕೂಡ ಇದ್ದರು. ಮುಂದಿನದು ಚರಿತ್ರೆ.

2002ರಲ್ಲಿ ಆ ದೇಶ ಅದೇ ನೋಯ್ಸ್ ಹೆಸರಲ್ಲಿ ಗಣಿತ, ವಿಜ್ಞಾನ ಶಿಕ್ಷಕರಾಗುವವರಿಗೆ ಸ್ಕಾಲರ್‌ಶಿಪ್ ಶುರುಮಾಡಿತು. ಹಣ ಸರ್ಕಾರದ್ದು, ನಡೆಸುವುದು ವಿಶ್ವವಿದ್ಯಾಲಯಗಳು. ನಿಯಮ ಸರಳ: ಒಂದು ವರ್ಷ ಸ್ಕಾಲರ್‌ಶಿಪ್ ತಗೊಂಡರೆ ಎರಡು ವರ್ಷ ಶಿಕ್ಷಕರ ಕೊರತೆ, ಬಡತನ ಇರುವ ಕಡೆಯ ಶಾಲೆಯಲ್ಲಿ ಪಾಠ ಮಾಡಬೇಕು. ಮಾಡದಿದ್ದರೆ ಆ ಹಣ ಸಾಲವಾಗುತ್ತದೆ, ತೀರಿಸಬೇಕು.

ನಮ್ಮಲ್ಲೂ ಇಂಥ ಮಾತು ಕಾಗದದ ಮೇಲಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎರಡು ವಿಷಯ ಹೇಳುತ್ತದೆ. ಒಂದು, ನಾಲ್ಕು ವರ್ಷದ ಬಿ.ಇಡಿ. ಓದುವವರಿಗೆ ಪ್ರತಿಭೆ ನೋಡಿ ಸ್ಕಾಲರ್‌ಶಿಪ್. ಎರಡು, ಹಳ್ಳಿಗಾಡಿನಲ್ಲಿ ಕೊಡುವ ವಿಶೇಷ ಸ್ಕಾಲರ್‌ಶಿಪ್ ಜೊತೆಗೆ ಓದು ಮುಗಿದ ಮೇಲೆ ಅವರದೇ ಪ್ರದೇಶದಲ್ಲಿ ಕೆಲಸಕ್ಕೆ ಆದ್ಯತೆ. ಮೊದಲನೆಯದರ ಬಗ್ಗೆ ಎಲ್ಲರೂ ಮಾತಾಡ್ತಾರೆ. ನನ್ನ ಪ್ರಕಾರ ಜೀವ ಇರೋದು ಎರಡನೆಯದರಲ್ಲಿ. ಬಾಂಡ್ ಅನ್ನೋದು ಒಂದೇ ಕಡೆ ಇರಬಾರದು. ‘ನಾಲ್ಕು ವರ್ಷ ನಮ್ಮ ತಾಲ್ಲೂಕಲ್ಲಿ ಪಾಠ ಮಾಡು’ ಅಂತ ಹುಡುಗಿ ಹತ್ತಿರ ಸಹಿ ಹಾಕಿಸಿಕೊಂಡರೆ, ‘ಓದು ಮುಗಿದ ದಿನ ನಿನಗೆ ಶಾಲೆ ತೋರಿಸ್ತೀವಿ’ ಅಂತ ಕೊಡುವವರೂ ಸಹಿ ಹಾಕಬೇಕು. ಇಲ್ಲದಿದ್ದರೆ ಸ್ಕಾಲರ್‌ಶಿಪ್ಪಿನಲ್ಲಿ ಓದಿದವಳೂ ಕೊನೆಗೆ ಬೆಂಗಳೂರಿನ ಕೋಚಿಂಗ್ ಸೆಂಟರಿಗೇ ಹೋಗ್ತಾಳೆ. ಅವಳನ್ನು ತಪ್ಪು ಅನ್ನೋಕಾಗಲ್ಲ.

ಚಿತ್ರದುರ್ಗ ಜಿಲ್ಲೆಯ ಮಟ್ಟಿಗೆ ಒಂದು ಲೆಕ್ಕ ಹಾಕಿ ನೋಡೋಣ. ಆರು ತಾಲ್ಲೂಕು. ತಾಲ್ಲೂಕಿಗೆ ವರ್ಷಕ್ಕೆ ನಾಲ್ಕು ಮಕ್ಕಳು ಅಂದರೆ 24. ನಾಲ್ಕು ವರ್ಷದ ಕೋರ್ಸಲ್ಲಿ ಒಂದೇ ಸಲಕ್ಕೆ 96 ಮಕ್ಕಳು ಓದುತ್ತಿರುತ್ತಾರೆ. ಒಬ್ಬರಿಗೆ ವರ್ಷಕ್ಕೆ 60,000 ಕೊಟ್ಟರೂ ಒಟ್ಟು 57 ಲಕ್ಷದ 60 ಸಾವಿರ. ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಹುಡುಕಿದವರಿಗೆ ಗೊತ್ತು, ಇದು ಎಷ್ಟು ಸಣ್ಣ ಮೊತ್ತ ಅಂತ. ಹತ್ತು ವರ್ಷ ಬಿಡದೆ ನಡೆಸಿದರೆ ಏಳು ತಂಡ ಹೊರಬರುತ್ತದೆ, 168 ಶಿಕ್ಷಕರು.

ನಡೆಸೋರು ಯಾರು? ನಮ್ಮ ಜಿಲ್ಲೆಯ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿವೆ. ಚಿತ್ರದುರ್ಗದ ಹತ್ತಿರ ಜಿ.ಆರ್. ಹಳ್ಳಿಯಲ್ಲೇ ಅದರ ಸ್ನಾತಕೋತ್ತರ ಕೇಂದ್ರ ಇದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ, ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ. 2023ರ ಏಪ್ರಿಲ್‌ನಲ್ಲಿ ಇಸ್ರೋದ ರೆಕ್ಕೆಯ ನೌಕೆ ಆಕಾಶದಿಂದ ತಾನಾಗೇ ಬಂದು ರನ್‌ವೇ ಮೇಲೆ ಇಳಿದದ್ದೂ ಇದೇ ಜಿಲ್ಲೆಯಲ್ಲಿ. ಇಷ್ಟೆಲ್ಲ ಕೈಯಳತೆಯಲ್ಲಿದೆ. ಹೊಸ ಶಿಕ್ಷಕರನ್ನು ಮೊದಲ ಎರಡು ವರ್ಷ ರಜೆಯಲ್ಲಿ ಕುದಾಪುರಕ್ಕೆ ಕರೆಸಿಕೊಂಡು ಪ್ರಯೋಗ ಮಾಡಿಸಿದರೆ, ತಾಲ್ಲೂಕಿನ ಒಬ್ಬ ಅನುಭವಿ ಮೇಷ್ಟ್ರ ಜೊತೆ ಬಿಟ್ಟರೆ, ಅವರು ಕೆಲಸ ಬಿಟ್ಟು ಓಡಲ್ಲ.

ಊರಿನವರೇ ಊರಲ್ಲಿ ಪಾಠ ಮಾಡಿದರೆ ಇನ್ನೊಂದು ಲಾಭ ಇದೆ. ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಿರಿಯೂರಿನ ಹುಡುಗರೆಲ್ಲ ನೋಡೋಕೆ ಹೋಗಿದ್ದರು. ಅದರಲ್ಲಿ 30 ಟಿಎಂಸಿ ನೀರು ಹಿಡಿಯುತ್ತೆ, ಅಂದರೆ 3,000 ಕೋಟಿ ಘನ ಅಡಿ ಅಂತ ಹೇಳಿ, 3ರ ಮುಂದೆ ಎಷ್ಟು ಸೊನ್ನೆ ಬರುತ್ತೆ ಬರೀರೋ ಅಂದರೆ, ಘಾತಾಂಕ ಯಾಕೆ ಬೇಕು ಅಂತ ಯಾವ ಮಗುವೂ ಕೇಳಲ್ಲ. ಜೋಗಿಮಟ್ಟಿ ಕಡೆಯ ಗಾಳಿಯಂತ್ರ ತೋರಿಸಿದರೆ ಶಕ್ತಿ ಪರಿವರ್ತನೆಯ ಪಾಠ ಅರ್ಧ ಮುಗಿದ ಹಾಗೆ.

ಯೋಜನೆ ಬರೋತನಕ ಮಕ್ಕಳ ವಯಸ್ಸು ನಿಲ್ಲಲ್ಲ. ಹಾಗಾಗಿ ಈಗಿರೋದನ್ನು ಬಿಡಬೇಡಿ. ಎನ್‌ಸಿಇಟಿ ಅರ್ಜಿ ಯಾವಾಗ ಅಂತ ದ್ವಿತೀಯ ಪಿಯು ವರ್ಷದಲ್ಲೇ ನೋಡಿಕೊಳ್ಳಿ. ಹತ್ತನೇ ತರಗತಿ ಮತ್ತು ಪಿಯು ಎರಡನ್ನೂ ಸರ್ಕಾರಿ ಕಡೆ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ಪಿನಲ್ಲಿ ವರ್ಷಕ್ಕೆ 30,000 ಇದೆ. ಹಿಂದುಳಿದ ವರ್ಗದ, ಹಾಸ್ಟೆಲ್ ಸಿಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ಮತ್ತೆ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಂದು ಮಗು ‘ನಾನು ಟೀಚರ್ ಆಗ್ತೀನಿ’ ಅಂದರೆ ದಯವಿಟ್ಟು ನಗಬೇಡಿ. ಅರ್ಜಿ ತುಂಬೋಕೆ ಜೊತೆಗೆ ಕೂತ್ಕೊಳ್ಳಿ.