ಗುಂಡಿಗೆ ಇಳಿದವನ ಉಸಿರು

ಮಲಗುಂಡಿಗೆ ಇಳಿದವರು ಸತ್ತ ಸುದ್ದಿ ಬಂದಾಗಲೆಲ್ಲ ಒಂದು ಮಾತು ಕೇಳುತ್ತೇನೆ: “ಉಸಿರು ಕಟ್ಟಿದ ಕೂಡಲೇ ಮೇಲೆ ಬರಬಾರದಿತ್ತೆ?” ಸರ್ಕಾರಿ ಸೇವೆಯಲ್ಲಿ ವರ್ಷಗಟ್ಟಲೆ ಒಳಚರಂಡಿ ಕಾಮಗಾರಿ ನೋಡಿದವನಾಗಿ ಹೇಳುತ್ತೇನೆ, ಪ್ರಶ್ನೆಯೇ ತಪ್ಪು. ಎಷ್ಟೋ ಸಲ ಅವರಿಗೆ ಉಸಿರು ಕಟ್ಟಿದಂತೆ ಅನಿಸಿಯೇ ಇರುವುದಿಲ್ಲ.

ನಮ್ಮ ಉಸಿರಾಟವನ್ನು ನಡೆಸುವುದು ಮಿದುಳಿನ ಬುಡದಲ್ಲಿರುವ ಮೆಡುಲ್ಲಾ. ಅದು ಮುಖ್ಯವಾಗಿ ಗಮನಿಸುವುದು ಆಮ್ಲಜನಕವನ್ನಲ್ಲ, ಇಂಗಾಲದ ಡೈಆಕ್ಸೈಡನ್ನು. ಮೂಗು ಬಾಯಿ ಮುಚ್ಚಿ ಕುಳಿತರೆ ಸ್ವಲ್ಪ ಹೊತ್ತಿಗೇ ಎದೆ ಒದ್ದಾಡುತ್ತದಲ್ಲ, ಅದು ಬಹುಪಾಲು ಡೈಆಕ್ಸೈಡ್ ಒಳಗೆ ಕೂಡಿಕೊಂಡ ಸಂಕಟ. ಆಮ್ಲಜನಕವನ್ನು ಗುರುತಿಸುವ ಪುಟ್ಟ ಅಂಗ ಕತ್ತಿನ ರಕ್ತನಾಳದ ಬಳಿ ಇದೆ, ನಿಜ. ಈ ಶೋಧಕ್ಕೆ ಹೇಮನ್ಸ್ ಅವರಿಗೆ 1938ರ ನೊಬೆಲ್ ಸಂದಿತು. ಆದರೆ ರಕ್ತದಲ್ಲಿ ಆಮ್ಲಜನಕ ಬಹಳ ಕುಸಿದ ಮೇಲೆಯೇ ಅದು ಜೋರಾಗಿ ಎಚ್ಚರಿಸುವುದು.

ಹೊರಗಿನ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಸುಮಾರು 21 ಪಾಲು. ಮುಚ್ಚಿದ ಗುಂಡಿಯಲ್ಲಿ ಕೊಳೆಯುವ ಮಲ ಅದನ್ನು ತಿಂದುಹಾಕಿ ಮೀಥೇನ್ ತುಂಬಿಸಿರುತ್ತದೆ. ಇಳಿದವನು ಉಸಿರಾಡುತ್ತಲೇ ಇರುತ್ತಾನೆ, ಡೈಆಕ್ಸೈಡ್ ಹೊರಗೆ ಹೋಗುತ್ತಲೇ ಇರುತ್ತದೆ, ಸಂಕಟವೇ ಆಗುವುದಿಲ್ಲ. ಆಮ್ಲಜನಕ ತೀರಾ ಕಡಿಮೆಯಿದ್ದರೆ ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪುತ್ತದೆ. ಅವನನ್ನು ಎತ್ತಲು ಇಳಿದವನದೂ ಅದೇ ಗತಿ. ಹೈಡ್ರೋಜನ್ ಸಲ್ಫೈಡ್ ಇನ್ನೂ ಮೋಸದ್ದು. ಕೊಳೆತ ಮೊಟ್ಟೆಯ ವಾಸನೆ ಮೊದಲು ಬರುತ್ತದೆ. ಪ್ರಮಾಣ ದಶಲಕ್ಷಕ್ಕೆ 100 ಪಾಲಿನ ಸುಮಾರಿಗೆ ಏರಿದರೆ ಮೂಗಿನ ಶಕ್ತಿಯೇ ಹೋಗುತ್ತದೆ. ವಾಸನೆ ನಿಂತಿತು, ಇನ್ನು ಭಯವಿಲ್ಲ ಎಂದುಕೊಳ್ಳುತ್ತಾನೆ ಪಾಪದವನು. ದೀಪ ಇಳಿಸಿ ನೋಡುವ ಹಳೆಯ ಪದ್ಧತಿಯಂತೂ ಇಲ್ಲಿ ಬೇಡವೇ ಬೇಡ, ಮೀಥೇನ್ ಹೊತ್ತಿಕೊಂಡೀತು.

ಗುತ್ತಿಗೆದಾರರು “ಅನುಭವಸ್ಥರು ಸಾರ್, ಅವರಿಗೆ ಗೊತ್ತಾಗುತ್ತದೆ” ಅನ್ನುತ್ತಾರೆ. ಅನುಭವದಿಂದ ಮೆಡುಲ್ಲಾ ಬದಲಾಗುವುದಿಲ್ಲ. ಗಾಳಿಯನ್ನು ಅಳೆಯಬೇಕಾದ್ದು ಮೀಟರು, ಮನುಷ್ಯನಲ್ಲ. ರಕ್ಷಣಾ ಸಾಧನಗಳಿಲ್ಲದೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಚರಂಡಿಯಲ್ಲಿ ಸತ್ತವರ ಪರಿಹಾರವನ್ನು 2023ರಲ್ಲಿ ಸುಪ್ರೀಂ ಕೋರ್ಟ್ 30 ಲಕ್ಷ ರೂಪಾಯಿಗೆ ಏರಿಸಿತು. ಸಾವು ನಿಂತಿಲ್ಲ.

ನಮ್ಮ ಮಠಗಳಲ್ಲೂ ಪ್ರಸಾದನಿಲಯಗಳಲ್ಲೂ ದೊಡ್ಡ ಮಲಗುಂಡಿಗಳಿವೆ. ಕಾಯಕದಲ್ಲಿ ಮೇಲುಕೀಳಿಲ್ಲ ಎಂದು ವೇದಿಕೆಯಲ್ಲಿ ಹೇಳಿ, ಜಾತ್ರೆಗೆ ಮುಂಚೆ ಗುಂಡಿ ಬಳಿಯಲು ಒಂದೇ ಕೇರಿಯವರನ್ನು ಕರೆಸುವುದು ನನಗೆ ಸಹಿಸದು. ಹೀರುವ ಯಂತ್ರದ ಲಾರಿಗೇ ಕೆಲಸ ಕೊಡುತ್ತೇವೆ, ಮನುಷ್ಯರನ್ನು ಇಳಿಸುವುದಿಲ್ಲ ಎಂದು ಆಡಳಿತ ಮಂಡಳಿಗಳು ಠರಾವು ಮಾಡಲಿ. ಆಕಸ್ಮಾತ್ ಯಾರಾದರೂ ಬಿದ್ದರೆ, ಅಣ್ಣತಮ್ಮನೇ ಆಗಿರಲಿ, ಹಿಂದೆಯೇ ಇಳಿಯಬೇಡಿ. 112ಕ್ಕೆ ಕರೆ ಮಾಡಿ.