ಬಲೂನು ಒಡೆದ ಮರುದಿನ

ಮೊನ್ನೆ ನಮ್ಮ ವಸತಿ ಸಮುಚ್ಚಯದಲ್ಲಿ ಮಗುವೊಂದರ ಮೊದಲ ಹುಟ್ಟುಹಬ್ಬ. ಸಭಾಂಗಣದ ಬಾಗಿಲಲ್ಲಿ ಮಾವಿನ ತೋರಣವಿರಬೇಕಾದ ಕಡೆ ಬಲೂನುಗಳ ಕಮಾನು. ಗುಲಾಬಿ, ಬಿಳಿ, ಬಂಗಾರದ ಬಣ್ಣದ ನೂರಾರು ಬಲೂನುಗಳು. ಎರಡು ತಾಸಿನಲ್ಲಿ ಸಂಭ್ರಮ ಮುಗಿಯಿತು. ಮರುದಿನ ಬೆಳಿಗ್ಗೆ ಕಸ ಒಯ್ಯಲು ಬಂದ ಮಹಿಳೆ ಆ ರಾಶಿಯನ್ನು ತೋರಿಸಿ, ‘ಇದು ಹಸಿ ಕಸಾನೋ ಒಣ ಕಸಾನೋ ಹೇಳಿ ಸಾರ್’ ಎಂದರು. ಪರಿಸರದ ಬಗ್ಗೆ ಆಗಾಗ ಬರೆಯುವ ನನಗೆ ಉತ್ತರ ಹೊಳೆಯಲಿಲ್ಲ. ‘ಒಣ ಕಸಕ್ಕೇ ಹಾಕಿ’ ಎಂದು ಜಾರಿಕೊಂಡೆ. ‘ಅಲ್ಲಿ ತಗೊಳಲ್ಲ ಸಾರ್, ಬೇರೆ ಮಾಡಿ ಬಿಸಾಕ್ತಾರೆ’ ಎಂದರು ಆಕೆ.

ಪೊಟ್ಟಣದ ಮೇಲೆ ‘ಪರಿಸರಸ್ನೇಹಿ’ ಎಂದು ಅಚ್ಚಾಗಿತ್ತು. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸಾಧಾರಣ ಬಲೂನು ಮರದ ಹಾಲಿನಿಂದಲೇ ಆದದ್ದು. ನಮ್ಮ ಸುಳ್ಯ, ಪುತ್ತೂರುಗಳ ತೋಟಗಳಲ್ಲಿ ಬೆಳಗಿನ ಜಾವ ಚಿಪ್ಪಿಗೆ ತೊಟ್ಟಿಕ್ಕುವ ಅದೇ ರಬ್ಬರ್ ಹಾಲು. ಆದರೆ ಗಂಧಕ, ಬಣ್ಣ, ಇನ್ನಿತರ ರಾಸಾಯನಿಕಗಳನ್ನು ಬೆರೆಸಿ ಕಾಯಿಸಿದ ಮೇಲೆ ಅದು ಮರದ ಹಾಲಾಗಿ ಉಳಿಯುವುದಿಲ್ಲ. ಓಕ್ ಮರದ ಎಲೆಯಷ್ಟೇ ಬೇಗ ಬಲೂನೂ ಕರಗುತ್ತದೆ ಎಂಬ ಮಾತು ಹಿಂದೆ ಅಮೆರಿಕದ ಬಲೂನು ಉದ್ಯಮವೇ ಮಾಡಿಸಿದ ಅಧ್ಯಯನದಿಂದ ಹೊರಟು ಜಗತ್ತನ್ನೆಲ್ಲ ಸುತ್ತಿತು. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಸಂಶೋಧನೆಯೊಂದರಲ್ಲಿ ಬಲೂನುಗಳನ್ನು ಸಿಹಿನೀರು, ಉಪ್ಪುನೀರು ಮತ್ತು ಗೊಬ್ಬರದ ರಾಶಿಯಲ್ಲಿ 16 ವಾರ ಇಟ್ಟು ನೋಡಿದರು. ಅವು ಹೆಚ್ಚೂಕಡಿಮೆ ಬಲೂನುಗಳಾಗಿಯೇ ಹೊರಬಂದವು. ಅಷ್ಟಕ್ಕೂ, ಎಲೆ ಕೊಳೆಯಲು ಎಷ್ಟೇ ಕಾಲ ಹಿಡಿಯಲಿ, ಅದು ಹಕ್ಕಿಯ ಕರುಳಿಗೆ ಅಂಟಿಕೊಳ್ಳುವುದಿಲ್ಲ. 1,733 ಕಡಲಹಕ್ಕಿಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದ ಪ್ರಕಾರ, ಗಟ್ಟಿ ಪ್ಲಾಸ್ಟಿಕ್ ಚೂರನ್ನು ನುಂಗಿದ್ದಕ್ಕಿಂತ ಬಲೂನಿನ ಚೂರನ್ನು ನುಂಗಿದ ಹಕ್ಕಿ ಸಾಯುವ ಸಂಭವ 32 ಪಟ್ಟು ಹೆಚ್ಚು.

ಬೆಂಗಳೂರಿಗೂ ಕಡಲಿಗೂ ಏನು ಸಂಬಂಧ ಎನ್ನಬಹುದು. ರಾಜಕಾಲುವೆಗೆ ಬಿದ್ದದ್ದು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಅಷ್ಟು ದೂರ ಹೋಗುವುದೂ ಬೇಡ, ಬೀದಿಯ ಹಸು ಇಲ್ಲೇ ಇದೆ.

ಮಿರಿಮಿರಿ ಮಿಂಚುವ ಅಂಕಿ, ಅಕ್ಷರಗಳ ಬಲೂನುಗಳಂತೂ ರಬ್ಬರೇ ಅಲ್ಲ. ಲೋಹದ ತೆಳು ಲೇಪವಿರುವ ಪ್ಲಾಸ್ಟಿಕ್ ಹಾಳೆ. ಕರಗುವ ಮಾತೇ ಇಲ್ಲ. ಕೈತಪ್ಪಿ ಹಾರಿ ವಿದ್ಯುತ್ ತಂತಿಗೆ ತಾಗಿದರೆ ಕಿಡಿ ಹಾರಿ ಬಡಾವಣೆಯೇ ಕತ್ತಲಾಗಬಹುದು. ಹಾರಲೆಂದು ಇವಕ್ಕೆ ತುಂಬುವ ಹೀಲಿಯಂನ ಕಥೆಯೇ ಬೇರೆ. 1868ರ ಸೂರ್ಯಗ್ರಹಣವನ್ನು ಗುಂಟೂರಿನಲ್ಲಿ ವೀಕ್ಷಿಸಿದ ಫ್ರೆಂಚ್ ವಿಜ್ಞಾನಿ ಜಾನ್ಸನ್ ಅವರ ಹೆಸರಿನೊಡನೆ ಈ ಅನಿಲದ ಚರಿತ್ರೆ ಆರಂಭವಾಗುತ್ತದೆ. ಆದರೂ ಇಂದು ನಾವು ಅದನ್ನು ಆಮದು ಮಾಡಿಕೊಳ್ಳುತ್ತೇವೆ. ಆಸ್ಪತ್ರೆಗಳ ಎಂಆರ್‌ಐ ಯಂತ್ರಗಳನ್ನು ತಂಪಾಗಿಡುವುದು ಇದೇ. ಬಲೂನಿಗೆ ಹೋಗುವುದು ಸಣ್ಣ ಪಾಲು, ನಿಜ. ಆದರೆ ಗಾಳಿಗೆ ಬಿಟ್ಟದ್ದನ್ನು ಮತ್ತೆ ಹಿಡಿದು ತರುವಂತಿಲ್ಲ.

ಈಗ ಕಾನೂನಿನ ಮಾತು. 2022ರ ಜುಲೈ 1ರಿಂದ ದೇಶದಾದ್ಯಂತ ಕೆಲವು ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧವಿದೆ. ಆ ಪಟ್ಟಿಯಲ್ಲಿ ಬಲೂನಿನ ಪ್ಲಾಸ್ಟಿಕ್ ಕಡ್ಡಿಯಿದೆ, ಅಲಂಕಾರದ ಥರ್ಮೋಕೋಲ್ ಇದೆ. ಬಲೂನು ಮಾತ್ರ ಇಲ್ಲ! ಬಲೂನನ್ನೇ ನಿಷೇಧಿಸಿ ಎಂದು ನಾನು ಹೇಳಲಾರೆ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಪಂಪು ಒತ್ತಿ ಬಲೂನು ಊದಿ ಮಾರುವವನ ಅನ್ನದ ಮೇಲೆ ನನಗೆ ಕಣ್ಣಿಲ್ಲ. ನನ್ನ ತಕರಾರು ಆಕಾಶಕ್ಕೆ ಬಿಡುವ ಗೊಂಚಲುಗಳ ಬಗ್ಗೆ. ಕ್ರೀಡಾಕೂಟದ ಉದ್ಘಾಟನೆಯಲ್ಲಿ ಗಣ್ಯರು ಬಲೂನು ಹಾರಿಬಿಟ್ಟು ಚಪ್ಪಾಳೆ ಗಿಟ್ಟಿಸುವ ದೃಶ್ಯ ನಮಗೆ ಚಿರಪರಿಚಿತ. ಸಚಿವರು ರಸ್ತೆಗೆ ಒಂದು ಬುಟ್ಟಿ ಕಸ ಸುರಿದರೆ ನಾವು ಚಪ್ಪಾಳೆ ತಟ್ಟುತ್ತೇವೆಯೇ?

1986ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರ ದಾಖಲೆಯ ಆಸೆಗೆ ಸುಮಾರು 15 ಲಕ್ಷ ಬಲೂನುಗಳನ್ನು ಒಮ್ಮೆಲೇ ಬಿಟ್ಟಿತು. ಹವೆ ಕೆಟ್ಟು ಅವುಗಳಲ್ಲಿ ಬಹಳಷ್ಟು ಈರಿ ಸರೋವರದ ಮೇಲೆ ಇಳಿದವು. ಅದೇ ಹೊತ್ತಿನಲ್ಲಿ ಇಬ್ಬರು ಮೀನುಗಾರರು ಅಲ್ಲಿ ಕಾಣೆಯಾಗಿದ್ದರು. ತೇಲುತ್ತಿದ್ದ ಬಲೂನುಗಳ ನಡುವೆ ಮನುಷ್ಯರ ತಲೆಯನ್ನು ಗುರುತಿಸುವುದು ಶೋಧಕರಿಗೆ ದುಸ್ತರವಾಯಿತು. ಇಬ್ಬರೂ ಬದುಕಿ ಬರಲಿಲ್ಲ. ಫ್ಲಾರಿಡಾ ರಾಜ್ಯ 2024ರ ಜುಲೈ 1ರಿಂದ ಬಲೂನು ಹಾರಿಬಿಡುವುದನ್ನೇ ನಿಷೇಧಿಸಿದೆ. ‘ಕರಗುವ ಬಲೂನು’ ಎಂಬ ಹಳೆಯ ವಿನಾಯಿತಿಯನ್ನೂ ತೆಗೆದುಹಾಕಿದೆ. ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಾಫಿ. ನಮ್ಮಲ್ಲಿ ಅಷ್ಟು ದೊಡ್ಡ ಕಾನೂನೂ ಬೇಕಿಲ್ಲ. ಸರ್ಕಾರಿ ಸಮಾರಂಭಗಳಲ್ಲಿ, ಶಾಲೆಗಳಲ್ಲಿ ಬಲೂನು ಹಾರಿಬಿಡಬಾರದೆಂದು ರಾಜ್ಯ ಸರ್ಕಾರ ಒಂದು ಸುತ್ತೋಲೆ ಹೊರಡಿಸಿದರೆ ಸಾಕು.

ಆ ಮಹಿಳೆಯ ಪ್ರಶ್ನೆ ಹಾಗೇ ಉಳಿದಿದೆ. ವಿಚಾರಿಸಿ ತಿಳಿದುಕೊಂಡದ್ದು ಇಷ್ಟು: ಬಲೂನಿನ ಗಾಳಿ ತೆಗೆದು, ರಿಬ್ಬನ್ನು ಬಿಡಿಸಿ, ಚೂರುಗಳನ್ನು ಒಂದೇ ಚೀಲಕ್ಕೆ ಕಟ್ಟಿ ಕೊಡಬೇಕು. ಹಸಿ ಕಸಕ್ಕಂತೂ ಸೇರಿಸಲೇಬಾರದು. ಮಿಂಚುವ ಬಲೂನಿನ ಗಾಳಿ ತೆಗೆದು ಮಡಚಿಟ್ಟರೆ ಇನ್ನೊಂದು ಮನೆಯ ಹಬ್ಬಕ್ಕೂ ಆದೀತು. ಆದರೆ ಚೀಲದಲ್ಲಿ ಕಟ್ಟಿ ಕೊಟ್ಟ ರಬ್ಬರಿನ ಚೂರೂ ಕೊನೆಗೆ ಹೋಗುವುದು ಊರಾಚೆಯ ಕಸದ ಗುಡ್ಡಕ್ಕೇ. ಮಾವಳ್ಳಿಪುರ, ಮಂಡೂರಿನ ಜನ ಅಂಥ ಗುಡ್ಡಗಳ ಪಕ್ಕ ವರ್ಷಗಟ್ಟಲೆ ಬದುಕಿದ್ದನ್ನು ನಾವು ಬೇಗ ಮರೆತಿದ್ದೇವೆ.

ಮುಂದಿನ ತಿಂಗಳು ನಮ್ಮ ಸಮುಚ್ಚಯದಲ್ಲಿ ಇನ್ನೊಂದು ಹುಟ್ಟುಹಬ್ಬವಿದೆ. ಮಗುವಿನ ಅಜ್ಜಿ ಮಾವಿನ ಸೊಪ್ಪು ತರಿಸೋಣ ಎನ್ನುತ್ತಿದ್ದಾರೆ. ಅಪ್ಪ ಒಪ್ಪಿದ್ದಾರೆ, ಮಗಳನ್ನು ಇನ್ನೂ ಕೇಳಬೇಕು.